ಪಂಚಾಯಿತಿಯ ಉಮೇದುವಾರರು

ಕರೆಂಟಿನ ಕೆಲಸಕ್ಕೆ ಸೇರಬೇಕಾದರೆ ಕಂಬ ಹತ್ತಿ ತೋರಿಸಬೇಕು. 2024ರ ಅಕ್ಟೋಬರ್‌ನಲ್ಲಿ ಕಿರಿಯ ಪವರ್‌ಮ್ಯಾನ್ ಮತ್ತು ಕಿರಿಯ ಸ್ಟೇಷನ್ ಪರಿಚಾರಕರ 2,975 ಹುದ್ದೆಗಳಿಗೆ ಅರ್ಜಿ ಕರೆದಾಗ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆಗೆ ಕೇಳಿದ್ದು ಅದನ್ನೇ. ಎಂಟು ಮೀಟರಿನ ಕಂಬ, ಹತ್ತು. ಹತ್ತಲಾಗದವನ ಅಂಕಪಟ್ಟಿಯನ್ನು ಯಾರೂ ಬಿಡಿಸಿ ನೋಡುವುದಿಲ್ಲ. ಹತ್ತಿದವನಿಗೂ ಮೊದಲ ದಿನವೇ ಪೂರ್ತಿ ಸಂಬಳದ ಹುದ್ದೆ ಸಿಗುವುದಿಲ್ಲ. ಮೂರು ವರ್ಷ ತರಬೇತಿ. ತಿಂಗಳಿಗೆ ಮೊದಲ ವರ್ಷ 17 ಸಾವಿರ, ಎರಡನೆಯ ವರ್ಷ 19 ಸಾವಿರ, ಮೂರನೆಯ ವರ್ಷ 21 ಸಾವಿರ ರೂಪಾಯಿ. ಜುಲೈ ತಿಂಗಳ ಗಾಳಿಮಳೆಗೆ ತೋಟದ ಮರ ತಂತಿಯ ಮೇಲೆ ಮಲಗಿ, ಇಡೀ ಹೋಬಳಿ ಮೂರು ರಾತ್ರಿ ಕತ್ತಲಲ್ಲಿ ಕಳೆದ ಮೇಲೆ ಲೈನ್‌ಮನ್ ಬಂದು ಕಂಬ ಹತ್ತುವುದನ್ನು ನೋಡಿದ ಕೊಡಗಿನ ಬಾಳೆಲೆಯವರಿಗೆ ಈ ಏರ್ಪಾಟಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಪಂಚಾಯಿತಿಯ ಕೆಲಸಕ್ಕೆ ಸೇರುವವರು ಹತ್ತಬೇಕಾದ ಕಂಬ ಯಾವುದು? ಓಎಂಆರ್ ಹಾಳೆ. ಅದರ ಗೋಲಗಳನ್ನು ಸರಿಯಾಗಿ ತುಂಬಿದರೆ ಆಯಿತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ನಾವೆಲ್ಲ ಕರೆಯುವ ಪಿಡಿಒ ಆಗುವವರು ಗ್ರಾಮಸಭೆಯೊಂದನ್ನು ಕಣ್ಣಾರೆ ನೋಡಿರಬೇಕೆಂಬ ನಿಯಮವಿಲ್ಲ. ನೀರಿನ ಟ್ಯಾಂಕಿಗೆ ವಾಲ್ವ್ ಎಲ್ಲಿರುತ್ತದೆ ಎಂದು ತಿಳಿದಿರಬೇಕಾಗಿಲ್ಲ. ಯಾವುದಾದರೂ ಒಂದು ಪದವಿ ಇದ್ದರೆ ಅರ್ಜಿ ಹಾಕಬಹುದು. ಇದರಲ್ಲಿ ಅಭ್ಯರ್ಥಿಗಳ ತಪ್ಪೇನೂ ಇಲ್ಲ. ಕೇಳಿದ್ದನ್ನು ಅವರು ಕೊಡುತ್ತಾರೆ.

ವಿಚಿತ್ರವೆಂದರೆ, ಅದೇ ಕಚೇರಿಯ ಇನ್ನೊಂದು ಮೇಜಿನಲ್ಲಿ ಗ್ರಾಮಸಭೆಗಳನ್ನೂ ವಾಲ್ವ್‌ಗಳನ್ನೂ ಬಲ್ಲವರು ಕುಳಿತಿರುತ್ತಾರೆ. ಹತ್ತು, ಹದಿನೈದು ವರ್ಷದಿಂದ ಕುಳಿತಿರುತ್ತಾರೆ. ಅವರಿಗೆ ಹುದ್ದೆ ಎಂಬುದಿಲ್ಲ. ಸ್ಥಳೀಯ ಆಡಳಿತದಲ್ಲಿ ಬದುಕು ಕಟ್ಟಿಕೊಳ್ಳಬೇಕೆನ್ನುವ ಕೊಡಗಿನ ಹುಡುಗ ಹುಡುಗಿಯರಿಗೆ ಎದುರಾಗುವ ಮೊದಲ ಗೋಜಲು ಇದು. ಕೆಲಸ ಕಲಿತವರು ಹುದ್ದೆಗಾಗಿ ಕಾಯುತ್ತಾರೆ, ಹುದ್ದೆ ಸಿಕ್ಕವರು ಆಮೇಲೆ ಕೆಲಸ ಕಲಿಯುತ್ತಾರೆ. ಈ ಎರಡು ಮೇಜುಗಳ ನಡುವೆ ಒಂದು ದಾರಿ ಮಾಡುವುದು ಅಷ್ಟು ಕಷ್ಟವೇ ಎಂಬುದೇ ನನ್ನ ಪ್ರಶ್ನೆ.

ಬಾಳೆಲೆ ದಕ್ಷಿಣ ಕೊಡಗಿನ ಅಂಚಿನ ಊರು. ಮೊದಲು ವಿರಾಜಪೇಟೆ ತಾಲ್ಲೂಕಿನಲ್ಲಿತ್ತು, ಈಗ ಹೊಸ ಪೊನ್ನಂಪೇಟೆ ತಾಲ್ಲೂಕಿಗೆ ಸೇರಿದ ಹೋಬಳಿ. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ ಲಕ್ಷ್ಮಣತೀರ್ಥ. ಮಳೆ ಜೋರಾದರೆ ನಿಟ್ಟೂರಿನ ಬಳಿ ಹೊಳೆ ರಸ್ತೆಗೇ ಬರುತ್ತದೆ, ಪೊನ್ನಂಪೇಟೆ, ಗೋಣಿಕೊಪ್ಪಲಿಗೆ ಹೋಗುವವರು ಸುತ್ತಿ ಹೋಗಬೇಕು. ಮೈದಾನದ ಹಳ್ಳಿಗಳಂತೆ ಇಲ್ಲಿ ಮನೆಗಳು ಬೀದಿಯಲ್ಲಿ ಸಾಲಾಗಿ ನಿಂತಿಲ್ಲ. ತೋಟದೊಳಗೊಂದು ಮನೆ, ಮತ್ತೆ ಗದ್ದೆ, ಮತ್ತೆ ತೋಟ, ಅದರೊಳಗೆ ಇನ್ನೊಂದು ಮನೆ. ತೋಟಗಳ ಅಂಚಿನಲ್ಲಿ ಕೂಲಿಕಾರರ ಲೈನ್ ಮನೆಗಳು, ಕಾಡಂಚಿನಲ್ಲಿ ಯರವರ, ಕುರುಬರ ಹಾಡಿಗಳು. ಒಂದು ಪಂಚಾಯಿತಿಯ ಎಲ್ಲೆಯೊಳಗೆ ಕೊಡವ ತಕ್ಕ್, ಕನ್ನಡ, ಮಲಯಾಳ, ಯರವರ ಮಾತು, ಕುರುಬರ ಮಾತು ಎಲ್ಲವೂ ಕೇಳಿಸುತ್ತವೆ. ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಕಾಫಿ ಕೊಯ್ಲಿಗೆ ಬಂದವರ ಹಿಂದಿಯೂ ಸೇರಿದೆ.

ಇಂಥ ಕಡೆ ಮನೆಗಂದಾಯ ವಸೂಲಿಗೆ ಹೋಗುವುದೇ ಒಂದು ವಿದ್ಯೆ. ಕರವಸೂಲಿಗಾರ, ಜನರ ಬಾಯಲ್ಲಿ ಬಿಲ್ ಕಲೆಕ್ಟರ್, ಬೈಕನ್ನು ಗೇಟಿನ ಹೊರಗೇ ನಿಲ್ಲಿಸಿ ನಾಯಿ ಕಟ್ಟಿದೆಯೇ ಎಂದು ಮೊದಲು ಕೂಗಿ ಕೇಳುತ್ತಾನೆ. ಆಮೇಲಿನ ಮಾತು ಯಾವ ಗೇಟಿನಲ್ಲಾದರೂ ಹೆಚ್ಚುಕಡಿಮೆ ಒಂದೇ.

“ಯಾರಪ್ಪಾ ಅದು?”

“ಪಂಚಾಯಿತಿಯಿಂದ ಅಮ್ಮಾ. ಮನೆಗಂದಾಯ.”

“ಕರಿಮೆಣಸು ಇನ್ನೂ ಕೊಟ್ಟಿಲ್ಲ. ಮುಂದಿನ ತಿಂಗಳು ಬಾ. ಗೇಟಿನ ಹತ್ರ ದೀಪ ಉರೀತಿಲ್ಲ ಅಂತ ನಿಮ್ಮ ಪಿಡಿಒ ಸಾರಿಗೆ ಹೇಳು, ಎಷ್ಟು ಸಲ ಹೇಳೋದು?”

ಅವನು ಎರಡನ್ನೂ ಬರೆದುಕೊಳ್ಳುತ್ತಾನೆ. ಮುಂದಿನ ತಿಂಗಳು ಎಂದರೆ ಯಾವ ಮನೆಯಲ್ಲಿ ನಿಜವಾಗಿ ಮುಂದಿನ ತಿಂಗಳು, ಯಾವ ಮನೆಯಲ್ಲಿ ಮುಂದಿನ ವರ್ಷ ಎಂಬುದು ಅವನಿಗೆ ಗೊತ್ತು. ಕಾಫಿ ಕೊಯ್ಲಿನ ಹಣ ಕೈಯಲ್ಲಿ ಓಡಾಡುವ ಜನವರಿ, ಫೆಬ್ರುವರಿಯಲ್ಲಿ ಹೋದರೆ ರಸೀತಿ ಪುಸ್ತಕ ಬೇಗ ತುಂಬುತ್ತದೆ, ಜುಲೈನಲ್ಲಿ ಹೋದರೆ ಚಹಾ ಮಾತ್ರ ಸಿಗುತ್ತದೆ. ಯಾವ ಮನೆಯ ಯಜಮಾನರು ಬೆಂಗಳೂರಿನಲ್ಲಿದ್ದಾರೆ, ಫೋನು ಮಾಡಿದರೆ ಅಲ್ಲಿಂದಲೇ ಹಣ ಕಳಿಸುತ್ತಾರೆ. ಯಾವ ಮನೆಯ ಖಾತೆ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದೆ, ಮಕ್ಕಳ ನಡುವೆ ಮಾತಿಲ್ಲ. ಯಾವ ತೋಟದಲ್ಲಿ ಲೈನ್ ಮನೆ ಆರು ಇದ್ದು ಲೆಕ್ಕದಲ್ಲಿ ಮೂರೇ ಇದೆ. ಯಾರು ಹೊಸದಾಗಿ ಹೋಮ್‌ಸ್ಟೇ ಶುರು ಮಾಡಿದ್ದಾರೆ, ಲೈಸೆನ್ಸ್ ಮಾಡಿಸಿಲ್ಲ. ಇದ್ಯಾವುದನ್ನೂ ಪರೀಕ್ಷೆಯಲ್ಲಿ ಕೇಳುವುದಿಲ್ಲ, ಯಾವ ಗೈಡಿನಲ್ಲೂ ಅಚ್ಚಾಗಿಲ್ಲ. ಬೇಡಿಕೆ, ವಸೂಲಿ, ಬಾಕಿ ಎಂಬ ಮೂರು ಕಾಲಂಗಳ ಹಿಂದೆ ಇಷ್ಟೆಲ್ಲ ಇದೆ.

ಕಚೇರಿಯೊಳಗಿನ ಡಾಟಾ ಎಂಟ್ರಿ ಆಪರೇಟರ್‌ನದು ಇನ್ನೊಂದು ಬಗೆಯ ಪಾಂಡಿತ್ಯ. ಪಂಚತಂತ್ರ ತಂತ್ರಾಂಶ, ಇ-ಸ್ವತ್ತು, ನರೇಗಾ ಹಾಜರಾತಿ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು, ಹಣಕಾಸು ಆಯೋಗದ ಅನುದಾನದ ಬಿಲ್ಲು ಎಲ್ಲ ಅದೇ ಕೀಲಿಮಣೆಯ ಮೇಲೆ ಓಡಬೇಕು. ನಮೂನೆ 9ಕ್ಕೂ 11ಎಗೂ 11ಬಿಗೂ ಏನು ವ್ಯತ್ಯಾಸ, ಯಾರಿಗೆ ಯಾವುದು ಸಿಗುತ್ತದೆ, ಕುಟುಂಬದ ಹಿಡುವಳಿಯಾದ ಜಮ್ಮಾ ಬಾಣೆಯಲ್ಲಿ ಮನೆ ಕಟ್ಟಿಕೊಂಡವರ ಪಹಣಿಯಲ್ಲಿ ಪಟ್ಟೆದಾರರ ಜೊತೆಗೆ ಹತ್ತಾರು ಹೆಸರಿದ್ದರೆ ಅರ್ಜಿ ಎಲ್ಲಿ ಸಿಕ್ಕಿಬೀಳುತ್ತದೆ ಎಂದು ಅರ್ಜಿದಾರರಿಗೆ ಬಿಡಿಸಿ ಹೇಳುವವರು ಅವರೇ. ಹಣ ಪಾವತಿಗೆ ಅಧ್ಯಕ್ಷರ, ಪಿಡಿಒ ಅವರ ಡಿಜಿಟಲ್ ಕೀ ಬೇಕು, ಒಟಿಪಿ ಬರುವುದು ಪಿಡಿಒ ಫೋನಿಗೆ. ಆದರೆ ಪಿಡಿಒ ಇಂದು ಪಕ್ಕದ ಪಂಚಾಯಿತಿಯಲ್ಲಿದ್ದಾರೆ, ಏಕೆಂದರೆ ಅಲ್ಲಿಗೂ ಅವರೇ ಪ್ರಭಾರ. ಆ ಪಂಚಾಯಿತಿಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಹಾಗಾಗಿ ಒಟಿಪಿ ಬರುವವರೆಗೆ ಅರ್ಜಿದಾರರೂ ಆಪರೇಟರೂ ಮುಖ ಮುಖ ನೋಡಿಕೊಂಡು ಕುಳಿತಿರುತ್ತಾರೆ. ನಮ್ಮ ಡಿಜಿಟಲ್ ಆಡಳಿತದ ಬಗ್ಗೆ ಬರೆಯುವವರು ಈ ಅರ್ಧ ಗಂಟೆಯನ್ನೂ ಒಮ್ಮೆ ಕುಳಿತು ನೋಡಬೇಕು.

ಈ ಇಬ್ಬರ ಜೊತೆಗೆ ನೀರುಗಂಟಿ, ಜವಾನ, ಸ್ವಚ್ಛತಾಗಾರ, ಅರಿವು ಕೇಂದ್ರದ ಗ್ರಂಥಪಾಲಕರು, ನರೇಗಾಕ್ಕಾಗಿ ಮನೆಮನೆ ತಿರುಗುವ ಗ್ರಾಮ ಕಾಯಕ ಮಿತ್ರ, ಸ್ವಸಹಾಯ ಸಂಘದಿಂದ ಬಂದು ಕಸದ ಗಾಡಿ ಓಡಿಸುವ ಅಕ್ಕಂದಿರು. ರಾಜ್ಯದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳು ನಡೆಯುತ್ತಿರುವುದು ಹೀಗೆ. ಇವರಲ್ಲಿ ಸರ್ಕಾರಿ ನೌಕರರು ಎನಿಸಿಕೊಂಡವರು ಬೆರಳೆಣಿಕೆ. ಉಳಿದವರಿಗೆ ಕನಿಷ್ಠ ವೇತನ, ಗೌರವಧನ, ಪ್ರೋತ್ಸಾಹಧನ ಎಂದು ಬೇರೆ ಬೇರೆ ಹೆಸರಿನ ಸಣ್ಣ ಸಣ್ಣ ಮೊತ್ತಗಳು. 2024ರ ಅಕ್ಟೋಬರ್‌ನಲ್ಲಿ ಪಂಚಾಯಿತಿ ನೌಕರರೂ ಪಿಡಿಒಗಳೂ ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿ ಕುಳಿತಾಗ ಆಪರೇಟರುಗಳ ಬೇಡಿಕೆ ಇದ್ದದ್ದು ತಮ್ಮನ್ನೂ ಒಂದು ದರ್ಜೆಗೆ ಸೇರಿಸಿ ಎಂದು. ಸಂಬಳಕ್ಕಿಂತ ಹೆಚ್ಚಾಗಿ ಅವರಿಗೆ ಬೇಕಿದ್ದದ್ದು ಒಂದು ಗುರುತು.

ಒಂದು ಸಣ್ಣ ಬಾಗಿಲು ಇದೆ, ಅದನ್ನೂ ಹೇಳಬೇಕು. ಕರವಸೂಲಿಗಾರರು ಜ್ಯೇಷ್ಠತೆಯ ಮೇಲೆ ಗ್ರೇಡ್-2 ಕಾರ್ಯದರ್ಶಿ ಅಥವಾ ದ್ವಿತೀಯ ದರ್ಜೆ ಲೆಕ್ಕ ಸಹಾಯಕರಾಗಲು ನಿಯಮದಲ್ಲಿ ಅವಕಾಶವಿದೆ. ಹಾಗೆ ಆದವರೂ ಇದ್ದಾರೆ. ಮನೆಗಂದಾಯದ ರಸೀತಿ ಹರಿಯುತ್ತಿದ್ದ ವ್ಯಕ್ತಿ ಮುಂದೆ ಕಾರ್ಯದರ್ಶಿಯ ಕುರ್ಚಿಯಲ್ಲಿ ಕುಳಿತರೆ ಆ ಪಂಚಾಯಿತಿಯ ಲೆಕ್ಕ ಎಷ್ಟು ನೆಟ್ಟಗಿರುತ್ತದೆ ಎಂದು ಲೆಕ್ಕಪರಿಶೋಧನೆಗೆ ಬರುವವರನ್ನು ಕೇಳಿ ನೋಡಿ. ಆದರೆ ಆ ಬಾಗಿಲಿನ ಮುಂದಿನ ಸಾಲು ಬಹಳ ಉದ್ದ, ಪಟ್ಟಿ ಬಹಳ ನಿಧಾನ. ಕೆಲವರ ಸರದಿ ಬರುವ ಹೊತ್ತಿಗೆ ನಿವೃತ್ತಿಯ ವಯಸ್ಸೂ ಜೊತೆಗೇ ಬಂದಿರುತ್ತದೆ.

ದೊಡ್ಡ ಬಾಗಿಲು ಸ್ಪರ್ಧಾತ್ಮಕ ಪರೀಕ್ಷೆ. 2024ರಲ್ಲಿ ಕೆಪಿಎಸ್‌ಸಿ 247 ಪಿಡಿಒ ಹುದ್ದೆಗಳಿಗೆ ಅರ್ಜಿ ಕರೆಯಿತು. ಅದೇ ವರ್ಷ ಗ್ರಾಮ ಲೆಕ್ಕಿಗರ, ಈಗಿನ ಹೆಸರಿನಲ್ಲಿ ಗ್ರಾಮ ಆಡಳಿತ ಅಧಿಕಾರಿಗಳ, ಒಂದು ಸಾವಿರ ಹುದ್ದೆಗೆ ಪರೀಕ್ಷಾ ಪ್ರಾಧಿಕಾರ ಪರೀಕ್ಷೆ ನಡೆಸಿತು. ಪಿಡಿಒಗಳ ಹಿಂದಿನ ದೊಡ್ಡ ನೇಮಕಾತಿ 2016ರದು. ನಡುವಿನ ಎಂಟು ವರ್ಷ ಮನಸ್ಸಿನಲ್ಲಿ ಪಂಚಾಯಿತಿ ಇಟ್ಟುಕೊಂಡ ಪದವೀಧರ ಏನು ಮಾಡಬೇಕು? ಧಾರವಾಡಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ಪಿಜಿಯಲ್ಲಿದ್ದು ಕೋಚಿಂಗ್ ತೆಗೆದುಕೊಳ್ಳಬೇಕು. ಬಾಳೆಲೆಯಂಥ ಊರಿನಿಂದ ಹೋದವರಿಗೆ ಅದರ ಖರ್ಚು ತಿಂಗಳು ತಿಂಗಳು ತೋಟದ ಸಾಲದ ಜೊತೆ ಸೇರುತ್ತದೆ. ಕೊನೆಗೆ ಪರೀಕ್ಷೆಯ ದಿನ ಬಂದರೆ 2024ರ ನವೆಂಬರ್‌ನಲ್ಲಿ ಸಿಂಧನೂರಿನ ಕೇಂದ್ರದಲ್ಲಿ ಆದಂತೆ ಪ್ರಶ್ನೆಪತ್ರಿಕೆಯ ಬಗ್ಗೆಯೇ ಗದ್ದಲ. ಓದಿದವರ ಎದೆ ಒಡೆಯಲು ಇನ್ನೇನು ಬೇಕು?

ಪಾಸಾದವರಿಗೆ ತರಬೇತಿ ಇಲ್ಲವೆಂದಲ್ಲ. ಮೈಸೂರಿನಲ್ಲಿ ಅಬ್ದುಲ್ ನಜೀರ್‌ಸಾಬ್ ಅವರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ. ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ ‘ನೀರ್‌ಸಾಬ್’ ಎನಿಸಿಕೊಂಡ, 1983ರ ಪಂಚಾಯತ್‌ರಾಜ್ ಕಾಯ್ದೆಯ ಹಿಂದೆ ನಿಂತಿದ್ದ ಆ ಮಂತ್ರಿಯ ಹೆಸರು ಅದಕ್ಕೆ ಒಪ್ಪುತ್ತದೆ. ಅಲ್ಲಿ ಪಾಠಗಳಾಗುತ್ತವೆ. ಸೇವೆಗೆ ಸೇರಿದ ಮೇಲೆ ಕನಿಷ್ಠ ಎರಡು ವರ್ಷ ಪರೀಕ್ಷಾರ್ಥ ಅವಧಿ, ಇಲಾಖಾ ಪರೀಕ್ಷೆಗಳು, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ. ಕಾಗದದ ಮೇಲೆ ಇದೆಲ್ಲ ಅಚ್ಚುಕಟ್ಟು. ವಾಸ್ತವದಲ್ಲಿ ಹೊಸ ಪಿಡಿಒ ಎರಡನೆಯ ವಾರಕ್ಕೇ ಚೆಕ್ಕು, ಠರಾವು, ಕುಡಿಯುವ ನೀರು, ಆನೆ ತುಳಿದ ಪೈಪು ಎಲ್ಲಕ್ಕೂ ಉತ್ತರ ಹೇಳಬೇಕು. ಅವರ ನಿಜವಾದ ಗುರು ಪಕ್ಕದ ಮೇಜಿನ ಆಪರೇಟರೇ. ಅವರು ಕಲಿಸುತ್ತಾರೆ, ಇವರು ಸಹಿ ಮಾಡುತ್ತಾರೆ. ಮೂರು ವರ್ಷಕ್ಕೆ ಇವರಿಗೆ ವರ್ಗವಾಗುತ್ತದೆ, ಹೊರಜಿಲ್ಲೆಯವರಾದರೆ ಮಳೆಗೆ ಬೇಸತ್ತು ಅದಕ್ಕೂ ಮೊದಲೇ ಪ್ರಯತ್ನ ಶುರುವಾಗಿರುತ್ತದೆ. ಮತ್ತೊಬ್ಬ ಹೊಸಬರು. ಆಪರೇಟರ್ ಮತ್ತೆ ಮೊದಲಿನಿಂದ ಪಾಠ ಹೇಳುತ್ತಾರೆ.

ಸೈನ್ಯವನ್ನು ಬಲ್ಲ ಕೊಡಗಿನವರಿಗೆ ಇದು ಇನ್ನೂ ವಿಚಿತ್ರವಾಗಿ ಕಾಣಬೇಕು. ಸೈನ್ಯಕ್ಕೆ ಸೇರಿದ ಹುಡುಗನನ್ನು ಮೊದಲ ವಾರವೇ ಗಡಿಗೆ ಕಳಿಸಿ, ಬಂದೂಕು ಹಿಡಿಯುವುದನ್ನು ಅಲ್ಲಿಯ ಅಡುಗೆಯವನಿಂದ ಕಲಿತುಕೋ ಎಂದು ಯಾರೂ ಹೇಳುವುದಿಲ್ಲ.

ಹಿಂದೆ ಹೇಗಿತ್ತು? ಹಿಂದಿನದೇನೂ ಹಾಡಿ ಹೊಗಳುವಂಥದ್ದಲ್ಲ. ಬ್ರಿಟಿಷರ ಕಾಲದ ಕೊಡಗಿನಲ್ಲಿ ನಾಡಿಗೊಬ್ಬ ಪಾರುಪತ್ಯಗಾರ, ತಾಲ್ಲೂಕಿಗೊಬ್ಬ ಸುಬೇದಾರ, ಹಳ್ಳಿಯ ಲೆಕ್ಕಕ್ಕೆ ಶಾನುಭೋಗ. ಆ ಕಾಲದ ಕಚೇರಿಗಳಲ್ಲೆಲ್ಲ ಉಮೇದುವಾರರು ಎಂಬ ಒಂದು ಜಾತಿಯ ಜನ ಇದ್ದರು. ಸಂಬಳವಿಲ್ಲ. ದಿನವೂ ಬಂದು ಅರ್ಜಿ ನಕಲು ಮಾಡುವುದು, ದಫ್ತರ ಜೋಡಿಸುವುದು, ದೊಡ್ಡವರ ಕಣ್ಣಿಗೆ ಬೀಳುವುದು. ಎಂದಾದರೂ ಒಂದು ಜಾಗ ಖಾಲಿಯಾದರೆ ಅದು ತನ್ನದಾಗುವುದೆಂಬ ಆಸೆ. ಆ ಆಸೆಯಲ್ಲಿ ಮದುವೆಯಾಗಿ ಮಕ್ಕಳಾದವರೂ ಇದ್ದರು. ಶಾನುಭೋಗಿಕೆಯಂತೂ ವಂಶಪಾರಂಪರ್ಯ. ಮಗ ಅಪ್ಪನ ಪಕ್ಕದಲ್ಲೇ ಕುಳಿತು ಖಾತೆ, ಕಿರ್ದಿ ಕಲಿಯುತ್ತಿದ್ದ. ಕಲಿಕೆ ಗಟ್ಟಿಯಿತ್ತು, ನ್ಯಾಯ ಇರಲಿಲ್ಲ, ಏಕೆಂದರೆ ಅಪ್ಪ ಶಾನುಭೋಗನಾಗಿರದ ಮಗನಿಗೆ ಆ ಚಾಪೆಯ ಮೇಲೆ ಜಾಗವೇ ಇರಲಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಆ ಪದ್ಧತಿಗೆ ಮುಕ್ತಾಯ ಹಾಡಿತು. ಸಂಬಳದ ಗ್ರಾಮ ಲೆಕ್ಕಿಗರು ಬಂದರು, ಮುಂದೆ ನೇಮಕಾತಿಗೆ ಅಂಕ ಬಂತು, ಪರೀಕ್ಷೆ ಬಂತು. ಯಾರ ಮಗ ಎಂದು ಕೇಳದ ವ್ಯವಸ್ಥೆ ಬಂದದ್ದು ದೊಡ್ಡ ಗೆಲುವು. ಆದರೆ ಆ ಗೆಲುವಿನ ಭರದಲ್ಲಿ ಕಲಿಕೆಯನ್ನೂ ಚಾಪೆಯ ಜೊತೆ ಸುತ್ತಿ ಹೊರಗೆಸೆದೆವು. ಉಮೇದುವಾರರು ಮಾತ್ರ ಉಳಿದರು. ಈಗ ಅವರ ಎದುರು ದಫ್ತರದ ಬದಲು ಕಂಪ್ಯೂಟರ್ ಇದೆ.

ಇವರನ್ನು ಕಾಯಂ ಮಾಡಿದರೆ ಮುಗಿಯಿತಲ್ಲ ಎನ್ನುವವರಿಗೆ ವಕೀಲರು ಒಂದೇ ಹೆಸರು ಹೇಳಿ ಬಾಯಿ ಮುಚ್ಚಿಸುತ್ತಾರೆ: ಉಮಾದೇವಿ ಪ್ರಕರಣ. ದೇಶದ ಯಾವ ಮೂಲೆಯ ಹಂಗಾಮಿ ನೌಕರನಿಗೂ ಗೊತ್ತಿರುವ ಈ ಮೊಕದ್ದಮೆ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ, ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳಿಂದ. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ನಿಯಮಬದ್ಧ ನೇಮಕಾತಿಯಿಲ್ಲದೆ ಒಳಗೆ ಬಂದವರಿಗೆ, ಎಷ್ಟೇ ವರ್ಷ ದುಡಿದಿದ್ದರೂ, ಕಾಯಂ ಆಗುವ ಹಕ್ಕಿಲ್ಲ. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವರಿಗೆ ಒಂದು ಸಲದ ಮಟ್ಟಿಗೆ ವಿನಾಯಿತಿ ಕೊಡಬಹುದು, ಅಷ್ಟೆ. ಕೋರ್ಟಿನ ವಾದದಲ್ಲಿ ಹುರುಳಿದೆ. ಹಿಂಬಾಗಿಲಿನಿಂದ ಬಂದವರನ್ನೆಲ್ಲ ಕಾಯಂ ಮಾಡುತ್ತಾ ಹೋದರೆ ಮುಂಬಾಗಿಲಲ್ಲಿ ಸರದಿ ನಿಂತವರ ಗತಿಯೇನು? ಆದರೆ ಸರ್ಕಾರಗಳು ಈ ತೀರ್ಪನ್ನು ಓದಿದ ರೀತಿ ಬೇರೆ. ಹಂಗಾಮಿಯಾಗಿ ಇಟ್ಟುಕೊಳ್ಳುವುದನ್ನು ನಿಲ್ಲಿಸಿ ಎಂಬ ಭಾಗ ಅವರ ಕಣ್ಣಿಗೆ ಬೀಳಲೇ ಇಲ್ಲ, ಕಾಯಂ ಮಾಡಬೇಕಾಗಿಲ್ಲ ಎಂಬುದು ಮಾತ್ರ ಬಾಯಿಪಾಠವಾಯಿತು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಎಂಬ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಈ ಬಗೆಯ ಓದಿಗೆ ಬೇಸರಿಸಿಕೊಂಡಿದೆ.

ಸರ್ಕಾರ ಮನಸ್ಸು ಮಾಡಿದರೆ ದಾರಿ ಇದೆ ಎಂಬುದಕ್ಕೆ ಪೌರಕಾರ್ಮಿಕರೇ ಸಾಕ್ಷಿ. ಅವರಿಗಾಗಿ ವಿಶೇಷ ನೇಮಕಾತಿ ನಿಯಮ ಮಾಡಿ, ಗುತ್ತಿಗೆ ಮತ್ತು ನೇರಪಾವತಿಯಲ್ಲಿ ದುಡಿದ ವರ್ಷಗಳನ್ನೇ ಅರ್ಹತೆಯೆಂದು ಎಣಿಸಲಾಯಿತು. 2025ರ ಮೇ ದಿನದಂದು ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಸಿಕ್ಕಿತು. ನಗರದ ಬೀದಿ ಗುಡಿಸಿದ ಅನುಭವ ಅನುಭವವೆನಿಸುವುದಾದರೆ ಹಳ್ಳಿಯ ಕುಡಿಯುವ ನೀರು ನೋಡಿಕೊಂಡ ಅನುಭವ ಏಕಲ್ಲ ಎಂದು ನೀರುಗಂಟಿ ಕೇಳಿದರೆ ಉತ್ತರ ಕೊಡುವುದು ಕಷ್ಟ.

ತರಬೇತಿ ಎಂಬ ಹೆಸರಿನಲ್ಲಿ ಮೋಸವೂ ನಡೆಯುತ್ತದೆ, ಅದಕ್ಕೆ ದೂರ ಹೋಗಬೇಕಾಗಿಲ್ಲ. ತೆಲಂಗಾಣದಲ್ಲಿ 2018ರಲ್ಲಿ 9,355 ಕಿರಿಯ ಪಂಚಾಯತ್ ಕಾರ್ಯದರ್ಶಿಗಳಿಗೆ ಅರ್ಜಿ ಕರೆದರು. ಪರೀಕ್ಷೆ ಬರೆದೇ ಬಂದವರು. ತಿಂಗಳಿಗೆ 15 ಸಾವಿರ, ಮೂರು ವರ್ಷ ಪರೀಕ್ಷಾರ್ಥ ಅವಧಿ ಎಂದರು. ಮೂರು ವರ್ಷ ಮುಗಿಯುವ ಹೊತ್ತಿಗೆ ನಾಲ್ಕು ಎಂದರು. ನಾಲ್ಕೂ ಮುಗಿದ ಮೇಲೆ, 2023ರ ಬೇಸಿಗೆಯಲ್ಲಿ, ಅವರೆಲ್ಲ ಮುಷ್ಕರ ಹೂಡಿದ ನಂತರವೇ ಕಾಯಂ ಮಾತು ಬಂದದ್ದು. ತರಬೇತಿಗೆ ಕೊನೆಯ ದಿನಾಂಕವೊಂದು ಗಟ್ಟಿಯಾಗಿ ಬರೆದಿರದಿದ್ದರೆ ಅದು ಅಗ್ಗದ ಕೂಲಿಯಾಗುತ್ತದೆ. ಆಂಧ್ರ 2019ರಲ್ಲಿ ಗ್ರಾಮ, ವಾರ್ಡ್ ಸಚಿವಾಲಯಗಳಿಗೆ ಲಕ್ಷಕ್ಕೂ ಮೇಲೆ ಜನರನ್ನು ತೆಗೆದುಕೊಂಡಾಗಲೂ ಮೊದಲ ಎರಡು ವರ್ಷ 15 ಸಾವಿರವೇ. ಆದರೆ ಅಲ್ಲಿ ಒಂದು ಮಾತು ಗಮನಿಸಬೇಕು, ಒಬ್ಬೊಬ್ಬರಿಗೂ ಒಂದೊಂದು ಕೆಲಸ ಗೊತ್ತುಮಾಡಿದ್ದರು: ಒಬ್ಬರು ಸರ್ವೆ, ಒಬ್ಬರು ಎಂಜಿನಿಯರಿಂಗ್, ಒಬ್ಬರು ಕೃಷಿ. ನಮ್ಮ ಪಂಚಾಯಿತಿಯಲ್ಲಿ ಎಲ್ಲವೂ ಒಬ್ಬರ ತಲೆಯ ಮೇಲೆ.

ದೇಶದ ಅಪ್ರೆಂಟಿಸ್ ಕಾಯ್ದೆ 1961ರದು, ಕಾಕತಾಳೀಯವಾಗಿ ಶಾನುಭೋಗರನ್ನು ಮನೆಗೆ ಕಳಿಸಿದ ಕಾಯ್ದೆಯ ವರ್ಷದ್ದೇ. ಮೂವತ್ತು ಅಥವಾ ಅದಕ್ಕೂ ಹೆಚ್ಚು ಮಂದಿ ಇರುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು ಎನ್ನುತ್ತದೆ ಈಗಿನ ನಿಯಮ. ನಾಲ್ಕು ಅಥವಾ ಅದಕ್ಕೂ ಹೆಚ್ಚು, ಮೂವತ್ತಕ್ಕಿಂತ ಕಡಿಮೆ ಇದ್ದರೆ ಇಷ್ಟವಿದ್ದರೆ ತೆಗೆದುಕೊಳ್ಳಬಹುದು. ಕೆಎಸ್‌ಆರ್‌ಟಿಸಿ ಡಿಪೋಗಳಲ್ಲಿ, ಕರೆಂಟಿನ ಕಂಪನಿ ಸೆಸ್ಕ್‌ನಲ್ಲಿ ಐಟಿಐ, ಡಿಪ್ಲೊಮಾ ಮುಗಿಸಿದವರು ಹೀಗೆ ಒಂದು ವರ್ಷ ಕಲಿತು ಹೋಗುತ್ತಾರೆ. ಪಂಚಾಯಿತಿಯ ನೌಕರರ ಸಂಖ್ಯೆ ಮೂವತ್ತು ಮುಟ್ಟುವುದಿಲ್ಲ, ಆದ್ದರಿಂದ ಕಡ್ಡಾಯದ ಮಾತಿಲ್ಲ, ಇಷ್ಟದ ಮಾತನ್ನು ಯಾರೂ ಎತ್ತಿಲ್ಲ. ಕಲಿತವರಿಗೆ ಕೆಲಸ ಕೊಡುವ ಬಾಧ್ಯತೆ ಕಾಯ್ದೆಯಲ್ಲಿ ಇಲ್ಲದಿದ್ದರೂ, ಉತ್ತರ ಪ್ರದೇಶದ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ಒಂದು ಒಳ್ಳೆಯ ಮಾತು ಹೇಳಿದೆ: ಉಳಿದದ್ದೆಲ್ಲ ಸಮಸಮ ಇದ್ದರೆ ಅಪ್ರೆಂಟಿಸ್ ಆಗಿ ಕಲಿತವನಿಗೆ ಆದ್ಯತೆ ಕೊಡಿ ಎಂದು. ನಗರಗಳಿಗೆ 2020ರಲ್ಲಿ ‘ಟುಲಿಪ್’ ಎಂಬ ಇಂಟರ್ನ್‌ಶಿಪ್ ಬಂತು, ಹೊಸ ಪದವೀಧರರು ಪುರಸಭೆ, ಪಾಲಿಕೆಗಳಲ್ಲಿ ಕಲಿಯಲೆಂದು. 2024ರ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ದೇಶದ 500 ದೊಡ್ಡ ಕಂಪನಿಗಳನ್ನು ನೋಡಿತು. ಗ್ರಾಮ ಪಂಚಾಯಿತಿಯನ್ನು ಮಾತ್ರ ಯಾರೂ ನೋಡಲಿಲ್ಲ, ಬಹುಶಃ ಅಲ್ಲಿ ಕಲಿಯುವುದಕ್ಕೆ ಏನಿದೆ ಎಂಬ ಭಾವನೆ.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಅಲ್ಲಿನ ಕೌನ್ಸಿಲ್‌ಗಳು ಪದವೀಧರರನ್ನು ಎರಡು ವರ್ಷದ ತರಬೇತಿಗೆ ತೆಗೆದುಕೊಂಡು ಒಂದು ವಿಭಾಗದಿಂದ ಇನ್ನೊಂದಕ್ಕೆ ತಿರುಗಿಸುತ್ತವೆ. ಶಾಲೆ ಬಿಟ್ಟವರಿಗೆ ಬೇರೆ ಅಪ್ರೆಂಟಿಸ್‌ಶಿಪ್ ಇದೆ. 2017ರಿಂದ ದೊಡ್ಡ ಸಂಸ್ಥೆಗಳು ಸಂಬಳದ ವೆಚ್ಚದಲ್ಲಿ ಶೇ 0.5ನ್ನು ಇದಕ್ಕೆಂದೇ ತೆಗೆದಿಡಬೇಕು, ಕೌನ್ಸಿಲ್‌ಗಳೂ ಸೇರಿ. ಜರ್ಮನಿಯಲ್ಲಿ ನಗರಸಭೆಯ ಗುಮಾಸ್ತಿಕೆಗೂ ಮೂರು ವರ್ಷದ ಕಲಿಕೆ, ವಾರದ ಕೆಲ ದಿನ ಶಾಲೆ, ಉಳಿದ ದಿನ ಕಚೇರಿ. ಅವರ ಹಣ ನಮ್ಮಲ್ಲಿಲ್ಲ ಎನ್ನಬಹುದು. ಆದರೆ ನಮ್ಮ ಸರ್ಕಾರವೇ ಯುವನಿಧಿಯಲ್ಲಿ ಕೆಲಸವಿಲ್ಲದ ಹೊಸ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತಿದೆ. ಆ ಹಣ ಬೇಡವೆನ್ನುವುದಿಲ್ಲ. ಅದಕ್ಕೆ ಇನ್ನಷ್ಟು ಸೇರಿಸಿ, ಬೇಕೆನ್ನುವವರಿಗೆ ಒಂದು ವರ್ಷ ಪಂಚಾಯಿತಿಯಲ್ಲಿ ಕಲಿಯುವ ಅವಕಾಶವನ್ನೂ ಅದರ ಜೊತೆ ಕಟ್ಟಿದ್ದರೆ, ಯೋಜನೆಯ ತೂಕವೇ ಬೇರೆಯಾಗುತ್ತಿತ್ತು.

ನೇಮಕಾತಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 25ರಷ್ಟು ಮೀಸಲಾತಿ ಇದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲಿ ಓದಿದ್ದರೆ ಸಾಕು, ಪ್ರಮಾಣಪತ್ರ ಸಿಗುತ್ತದೆ. ಕನ್ನಡ ಮಾಧ್ಯಮದವರಿಗೆ ಶೇ 5. ಮಾಜಿ ಸೈನಿಕರಿಗೂ ಮೀಸಲಾತಿಯಿದೆ, ಕೊಡಗಿನಲ್ಲಿ ಅದರ ಬೆಲೆ ಎಲ್ಲರಿಗೂ ಗೊತ್ತು. ಇವೆಲ್ಲ ಇರಬೇಕಾದವೇ. ಆದರೆ ಹತ್ತು ವರ್ಷ ಹಳ್ಳಿಯಲ್ಲಿ ಪಾಠ ಕೇಳಿದ್ದಕ್ಕೆ ಅರ್ಜಿಯಲ್ಲಿ ಕಾಲಂ ಇದ್ದು, ಹತ್ತು ವರ್ಷ ಅದೇ ಹಳ್ಳಿಯ ಪಂಚಾಯಿತಿ ನಡೆಸಿದ್ದಕ್ಕೆ ಕಾಲಂ ಇಲ್ಲದಿರುವುದು ಯಾವ ನ್ಯಾಯ? ಪ್ರತಿ ವರ್ಷದ ಸೇವೆಗೆ ಒಂದಿಷ್ಟು ಅಂಕ, ಮೇಲೆ ಒಂದು ಮಿತಿ, ಉಳಿದದ್ದು ಪರೀಕ್ಷೆ ಎಂದರೆ ಮುಂಬಾಗಿಲ ಸಾಲಿಗೂ ಅನ್ಯಾಯವಾಗುವುದಿಲ್ಲ. ಗದಗದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್‌ಗೆಂದೇ ಒಂದು ವಿಶ್ವವಿದ್ಯಾಲಯ ಇದೆ. ಪಿಡಿಒ ಹುದ್ದೆಗೆ ಅಲ್ಲಿ ಓದಿದವರಿಗೂ ಬೇರೆ ಯಾವ ಪದವಿ ಪಡೆದವರಿಗೂ ಅರ್ಹತೆ ಒಂದೇ ಎಂದರೆ, ಆ ವಿಶ್ವವಿದ್ಯಾಲಯವನ್ನು ನಾವು ಯಾಕೆ ಕಟ್ಟಿದೆವು?

ಈ ಎಲ್ಲ ಲೆಕ್ಕಾಚಾರದಲ್ಲಿ ಹೆಚ್ಚು ಕಳೆದುಕೊಳ್ಳುವವರು ಹಾಡಿಯ ಮಕ್ಕಳು. ಆಶ್ರಮಶಾಲೆ ದಾಟಿ, ಹತ್ತನೆಯ ತರಗತಿ ದಾಟಿ ಬಂದ ಯರವರ ಹುಡುಗಿಗೆ ಧಾರವಾಡದ ಕೋಚಿಂಗ್ ಎಂಬುದು ಬೇರೆ ಗ್ರಹದ ಮಾತು. ಆದರೆ ಹಾಡಿಯಲ್ಲಿ ಅರಣ್ಯ ಹಕ್ಕಿನ ಅರ್ಜಿ ತುಂಬಿಸುವಾಗ, ನರೇಗಾ ಕಾರ್ಡು ಮಾಡಿಸುವಾಗ, ಹೆರಿಗೆಯ ಹೆಂಗಸಿಗೆ ಆಧಾರ್ ಇಲ್ಲವೆಂದು ಹಣ ನಿಂತಾಗ ಪಂಚಾಯಿತಿಗೆ ಬೇಕಾಗುವುದು ಅವಳೇ. ಅವಳ ಮಾತು ಬಲ್ಲ ಇನ್ನೊಬ್ಬರು ಆ ಕಚೇರಿಯಲ್ಲಿಲ್ಲ. ಗ್ರಾಮ ಕಾಯಕ ಮಿತ್ರದಂಥ ಕೆಲಸಕ್ಕೆ ಹತ್ತನೆಯ ತರಗತಿಯ ಹೆಣ್ಣುಮಕ್ಕಳನ್ನು ತೆಗೆದುಕೊಂಡಾಗ ಒಂದು ಕಿಟಕಿ ತೆರೆಯಿತು, ನಿಜ. ಕಿಟಕಿಯಿಂದ ಮುಂದೆ ಎಲ್ಲಿಗೆ ಎಂದು ಯಾರೂ ಬರೆದಿಟ್ಟಿಲ್ಲ. ಅವಳು ಐದು ವರ್ಷ ಮನೆಮನೆ ತಿರುಗಿದ ಮೇಲೆ ಆಪರೇಟರ್ ಆಗಬಹುದೇ, ಕರವಸೂಲಿಗಾರ್ತಿಯಾಗಬಹುದೇ, ಪಿಯುಸಿ ಕಟ್ಟಲು ಯಾರಾದರೂ ನೆರವಾಗುತ್ತಾರೆಯೇ?

ಮೇಲಿನಿಂದ ಆದೇಶ ಬರಲಿ ಎಂದು ಕಾಯದೆಯೂ ಸ್ವಲ್ಪ ಮಾಡಬಹುದು. ಪೊನ್ನಂಪೇಟೆಯಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ವಿಟಿಯು ನಿಯಮದಂತೆ ಮಕ್ಕಳು ಇಂಟರ್ನ್‌ಶಿಪ್ ಮಾಡಲೇಬೇಕು. ಬಹುತೇಕರು ಮೈಸೂರು, ಬೆಂಗಳೂರಿನ ಯಾವುದೋ ಕಂಪನಿಯಿಂದ ಪ್ರಮಾಣಪತ್ರ ತರುತ್ತಾರೆ. ಹತ್ತು ಮೈಲಿಯೊಳಗಿನ ಪಂಚಾಯಿತಿಗಳಲ್ಲಿ ಅಳತೆಯಾಗದ ಚರಂಡಿ, ನಕ್ಷೆಯಿಲ್ಲದ ನೀರಿನ ಪೈಪು ಬಿದ್ದಿದೆ. ಯಾವ ಪೈಪು ಎಲ್ಲಿ ಹೋಗುತ್ತದೆ ಎಂಬುದು ಸದ್ಯಕ್ಕೆ ನೀರುಗಂಟಿಯ ತಲೆಯಲ್ಲಿ ಮಾತ್ರ ಇದೆ. ಅಲ್ಲೇ ಅರಣ್ಯ ಕಾಲೇಜಿದೆ. ಕೃಷಿ, ಅರಣ್ಯ ಓದುವ ಮಕ್ಕಳು ಹಳ್ಳಿಯಲ್ಲಿ ಉಳಿದು ಕಾರ್ಯಾನುಭವ ಪಡೆಯುವ ಪದ್ಧತಿ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹಳೆಯದು. ರೈತರ ಮನೆಯಲ್ಲಿ ಉಳಿಯುವವರು ಪಂಚಾಯಿತಿ ಕಚೇರಿಯಲ್ಲೂ ಕುಳಿತುಕೊಳ್ಳಬಹುದು. ಇದಕ್ಕೆ ಪಂಚಾಯಿತಿಯ ಸಭೆಯಲ್ಲಿ ಒಂದು ಠರಾವು, ಕಾಲೇಜಿನ ಜೊತೆ ಒಂದು ಪತ್ರವ್ಯವಹಾರ, ದಿನಕ್ಕೊಂದು ಊಟದ ಖರ್ಚು ಸಾಕು.

ಹಾಗೆ ಕಲಿಯಲು ಬರುವವರನ್ನು ಸೇರಿಸಿಕೊಳ್ಳುವುದಾದರೆ ಜನವರಿಯಲ್ಲಿ ಸೇರಿಸಿಕೊಳ್ಳಿ. ಕಣದಲ್ಲಿ ಕಾಫಿ ಒಣಗುತ್ತಿರುವಾಗ ಬಿಲ್ ಕಲೆಕ್ಟರ್ ಜೊತೆ ಬೈಕಿನ ಹಿಂದೆ ಕುಳಿತು ತೋಟ ತೋಟ ತಿರುಗಲಿ, ನಾಯಿಗೆ ಹೆದರುವುದನ್ನೂ ರಸೀತಿ ಬರೆಯುವುದನ್ನೂ ಕಲಿಯಲಿ. ಮಾರ್ಚ್‌ನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ, ಖರ್ಚಾಗದೆ ಉಳಿದ ಅನುದಾನ ವಾಪಸು ಹೋಗದಂತೆ ಓಡಾಡುವ ರಾತ್ರಿಗಳು. ಏಪ್ರಿಲ್‌ನಲ್ಲಿ ಕೊಳವೆಬಾವಿ ಬತ್ತಿದಾಗ ಯಾವ ಹಾಡಿಗೆ ಮೊದಲು ಟ್ಯಾಂಕರ್ ಹೋಗಬೇಕೆಂಬ ಜಗಳದಲ್ಲಿ ನೀರುಗಂಟಿಯ ಪಕ್ಕ ನಿಲ್ಲಲಿ. ಮೇ ಕೊನೆಗೆ ಮೋರಿ ಬಿಡಿಸುವ ಕೆಲಸ. ಜೂನ್ ದಾಟಿತೆಂದರೆ ಲಕ್ಷ್ಮಣತೀರ್ಥದ ನೀರು ಎಲ್ಲಿಯವರೆಗೆ ಬಂದರೆ ಯಾವ ಮನೆಯವರನ್ನು ಎಬ್ಬಿಸಬೇಕು, ಆ ಮನೆಯ ಅಜ್ಜಿ ಎದ್ದು ಬರಲು ಒಪ್ಪುವುದಿಲ್ಲ, ಅವರ ಮಗನ ಫೋನ್ ನಂಬರ್ ಯಾರ ಹತ್ತಿರ ಇದೆ ಎಂಬುದನ್ನೆಲ್ಲ ಜವಾನನನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಗ್ರಾಮಸಭೆಯ ದಿನ ನಡಾವಳಿ ಬರೆಯುವ ಪುಸ್ತಕವನ್ನು ಕಲಿಯಲು ಬಂದವರ ಕೈಗೇ ಕೊಡಿ. ಆನೆ, ರಸ್ತೆ, ಟವರ್, ಲೈನ್ ಮನೆಯ ಶೌಚಾಲಯ ಎಂದು ಐದು ಭಾಷೆಯಲ್ಲಿ ಒಟ್ಟಿಗೆ ಕೂಗುವವರ ಮಾತನ್ನು ಕನ್ನಡದ ಎರಡು ಪುಟಕ್ಕೆ ಇಳಿಸಿ, ಎಲ್ಲರ ಸಹಿ ಪಡೆದು, ಸಂಜೆ ಕಚೇರಿಗೆ ಬೀಗ ಹಾಕುವ ಮೊದಲು ಪಂಚತಂತ್ರಕ್ಕೆ ಏರಿಸಲಿ. ನೆಟ್‌ವರ್ಕ್ ಇದ್ದರೆ.